ರಸೆಲ್ ಮಾರುಕಟ್ಟೆ ಬದಲಾಗಬೇಕು, ಸರಿ. ಆ ಸಭೆಯಲ್ಲಿ ಯಾರ್ಯಾರಿಗೆ ಕುರ್ಚಿ ಇದೆ?

ಶಿವಾಜಿನಗರದ ರಸೆಲ್ ಮಾರುಕಟ್ಟೆ ಸುದ್ದಿಗೆ ಬಂದಾಗೆಲ್ಲ ಎರಡು ಪದಗಳು ಜೊತೆಗೇ ಬರುತ್ತವೆ. ಒಂದು ‘ಪಾರಂಪರಿಕ’, ಇನ್ನೊಂದು ‘ಪುನರಭಿವೃದ್ಧಿ’. ಮೊದಲನೆಯದು ಕಟ್ಟಡ ಉಳಿಸಿ ಅನ್ನುತ್ತೆ, ಎರಡನೆಯದು ಬದಲಾಯಿಸಿ ಅನ್ನುತ್ತೆ. ಎರಡರಲ್ಲೂ ಮನುಷ್ಯರಿಲ್ಲ. ಆ ಕೊರತೆ ತುಂಬಲಿಕ್ಕೆ ಅಂತ ಅಧಿಕಾರಿಗಳ ಬಾಯಲ್ಲಿ ಮೂರನೇ ಪದವೊಂದು ಓಡಾಡುತ್ತಿದೆ: ‘ಸ್ಟೇಕ್‌ಹೋಲ್ಡರ್ ಸಮಾಲೋಚನೆ’.

ಈ ಪದಕ್ಕೆ ಕಾನೂನಿನಲ್ಲಿ ಏನು ಅರ್ಥ ಇದೆ, ಮಾರುಕಟ್ಟೆಯ ಅಂಗಳದಲ್ಲಿ ಏನು ಅರ್ಥ ಉಳಿಯುತ್ತೆ ಅನ್ನೋದನ್ನು ಇಲ್ಲಿ ಒಂದೆಡೆ ಇಡುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ‘ಇಲ್ಲಿನ ಜನ ಸಂಘಟಿತರಾಗಿಲ್ಲ, ಅದಕ್ಕೇ ಅವರ ಮಾತು ನಡೆಯಲ್ಲ’ ಅನ್ನೋ ವಾದ ಸುಳ್ಳು. ಸಂಘಟನೆ ಇದೆ. ತೀರ್ಮಾನ ಆಗುವ ಜಾಗದಲ್ಲಿ ಅವರಿಗೆ ಕುರ್ಚಿ ಇಲ್ಲ, ಅಷ್ಟೇ.

ಯಜಮಾನರು ಬದಲಾದರು, ವ್ಯಾಪಾರ ನಿಲ್ಲಲಿಲ್ಲ

ರಸೆಲ್ ಮಾರುಕಟ್ಟೆ 1927ರ ಕಟ್ಟಡ. ಆಗಿನ ಪುರಸಭೆ ಕಮಿಷನರ್ ಟಿ.ಬಿ. ರಸೆಲ್ ಅವರ ಹೆಸರು ಅದಕ್ಕೆ. ಆಗ ಈ ಭಾಗ ಮೈಸೂರು ಮಹಾರಾಜರ ಆಡಳಿತದಲ್ಲಿ ಇರಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಕೈಯಲ್ಲಿತ್ತು. 1947ರ ಜುಲೈನಲ್ಲಿ ಅದು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆಯ ಮತ್ತು ದಂಡಿನ ಎರಡು ಪುರಸಭೆಗಳನ್ನು ಸೇರಿಸಿ ಒಂದು ಕಾರ್ಪೊರೇಷನ್ ಮಾಡಿದರು. 2007ರಲ್ಲಿ ಅದು ಬಿಬಿಎಂಪಿ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆದು, ಶಿವಾಜಿನಗರ ಬೆಂಗಳೂರು ಕೇಂದ್ರ ನಗರ ಪಾಲಿಕೆಯ ಪಾಲಿಗೆ ಬಂತು.

ಅಂದರೆ ನೂರು ವರ್ಷ ತುಂಬುವುದರೊಳಗೆ ಈ ಕಟ್ಟಡ ನಾಲ್ಕೈದು ಯಜಮಾನರನ್ನು ಕಂಡಿದೆ. ಕೆಡವಿ ಹೊಸ ಸಂಕೀರ್ಣ ಕಟ್ಟುವ ಮಾತು ಕೂಡ ಹಲವು ಸಲ ಬಂದುಹೋಗಿದೆ. ಒಳಗಿನ ಮಳಿಗೆಗಳಲ್ಲಿ ಎಷ್ಟೋ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಂದವು. ಮಾಲೀಕತ್ವ ಯಾರದ್ದು ಅನ್ನೋದಕ್ಕೆ ಸರ್ಕಾರಿ ಉತ್ತರ ಸುಲಭ, ಪಾಲಿಕೆಯದ್ದು. ಬದುಕು ಯಾರದ್ದು ಅನ್ನೋದಕ್ಕೆ ಉತ್ತರ ಬೇರೆ.

ಬೆಂಕಿ ಬಿದ್ದ ಮೇಲೆ

2012ರ ಫೆಬ್ರುವರಿ 25ರ ಬೆಳಗಿನ ಜಾವ ಮಾರುಕಟ್ಟೆಗೆ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಮಳಿಗೆಗಳು ಸುಟ್ಟವು. ಮಾಡು ಕುಸಿಯಿತು. ಆಗ ವ್ಯಾಪಾರಿಗಳ ಮುಂದಿದ್ದ ದೊಡ್ಡ ಭಯ ಸುಟ್ಟ ಸರಕಿನದ್ದಲ್ಲ. ‘ಕಟ್ಟಡ ಅಪಾಯಕಾರಿ, ಖಾಲಿ ಮಾಡಿ’ ಅಂತ ಹೊರಗೆ ಕಳಿಸಿದರೆ ಮತ್ತೆ ಒಳಗೆ ಬರುವ ಭರವಸೆ ಏನು ಅನ್ನೋದು. ಹಾಗಾಗಿ ಅವರು ಕಾಯಲಿಲ್ಲ. ತಮ್ಮ ಸಂಘದ ಮೂಲಕ ಹಣ ಹೊಂದಿಸಿ, ಬಹುಪಾಲು ದುರಸ್ತಿಯನ್ನು ತಾವೇ ಮಾಡಿಕೊಂಡು ವ್ಯಾಪಾರ ಶುರುಮಾಡಿದರು.

ಸಮುದಾಯ ಸಂಘಟನೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಹಿಂದೂ, ಮುಸ್ಲಿಂ, ಕ್ರೈಸ್ತ. ಕನ್ನಡ, ತಮಿಳು, ಉರ್ದು. ಹಣ್ಣು, ಹೂವು, ಮೀನು, ಮಾಂಸ. ಒಬ್ಬರ ವ್ಯಾಪಾರ ಇನ್ನೊಬ್ಬರಿಗೆ ಆಗಿಬರಲ್ಲ, ಆದರೂ ಕಷ್ಟ ಬಂದಾಗ ಒಂದಾದರು. ಆದರೆ ಇಷ್ಟೊಂದು ಸಂಘಟಿತರಾದವರಿಗೂ ಮುಂದೆ ಈ ಮಾರುಕಟ್ಟೆ ಹೇಗಿರಬೇಕು ಅನ್ನೋ ಸಭೆಯಲ್ಲಿ ಕಾನೂನುಬದ್ಧ ಜಾಗ ಸಿಗಲಿಲ್ಲ.

ಕಾಗದ ಇದ್ದವರು, ಇಲ್ಲದವರು

‘ಸ್ಟೇಕ್‌ಹೋಲ್ಡರ್’ ಅಂತ ಒಂದೇ ಉಸಿರಲ್ಲಿ ಹೇಳೋದು ಸುಲಭ. ಬಿಡಿಸಿ ನೋಡಿದರೆ ಕನಿಷ್ಠ ಆರು ಗುಂಪುಗಳಿವೆ. ಕಟ್ಟಡದೊಳಗಿನ ಮಳಿಗೆಯವರ ಬಳಿ ಪಾಲಿಕೆಯ ಹಂಚಿಕೆ ಪತ್ರ ಇದೆ, ಬಾಡಿಗೆ ರಸೀದಿ ಇದೆ. ಮುಂದಿನ ಚೌಕದಲ್ಲಿ, ಸುತ್ತಲಿನ ಬೀದಿಗಳಲ್ಲಿ ಕೂರುವ ತಳ್ಳುಗಾಡಿಯವರು, ಬುಟ್ಟಿಯವರ ಪೈಕಿ ಕೆಲವರ ಹತ್ತಿರ ಪಾಲಿಕೆಯ ಗುರುತಿನ ಚೀಟಿ ಇದೆ, ಹಲವರ ಹತ್ತಿರ ಇಲ್ಲ. ಮೂಟೆ ಹೊರುವ ಹಮಾಲರು, ಕೋಳಿ ಸುಲಿಯುವ ಹುಡುಗರು, ಕಸ ಗುಡಿಸುವ ಪೌರಕಾರ್ಮಿಕರು ಮೂರನೇ ಗುಂಪು. ಪಕ್ಕದ ಬೀಫ್ ಮಾರ್ಕೆಟ್‌ನವರು ನಾಲ್ಕನೆಯವರು. 2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಬಿಸಿ ಅವರಿಗೆ ನೇರವಾಗಿ ತಟ್ಟುತ್ತದೆ. ಕಮ್ಮಿ ಬೆಲೆಗೆ ತರಕಾರಿ ಕೊಂಡು ಶಿವಾಜಿನಗರದಿಂದ ಬಸ್ಸು ಹತ್ತುವ ಗಿರಾಕಿಗಳು ಐದನೆಯವರು. ಸೇಂಟ್ ಮೇರಿ ಬೆಸಿಲಿಕಾದ ಸೆಪ್ಟೆಂಬರ್ ಹಬ್ಬಕ್ಕೂ, ರಂಜಾನ್ ರಾತ್ರಿಗಳಿಗೂ ಬರುವ ಸಾವಿರಾರು ಜನ ಆರನೆಯವರು.

ಸಭೆಗೆ ಕರೆ ಹೋಗೋದು ಕಾಗದದ ಅನುಪಾತದಲ್ಲಿ. ಕಾಗದ ಗಟ್ಟಿ ಇದ್ದವರಿಗೆ ಮೊದಲು, ಕಾಗದವೇ ಇಲ್ಲದ ಹಮಾಲನಿಗೆ ಯಾವತ್ತೂ ಇಲ್ಲ.

ಬೀದಿ ವ್ಯಾಪಾರಿಗಳಿಗೆ ಕಾನೂನು ಕೊಟ್ಟ ಕುರ್ಚಿ

ಈ ಆರು ಗುಂಪುಗಳಲ್ಲಿ ಸಂಸತ್ತು ನೇರವಾಗಿ ಕುರ್ಚಿ ಹಾಕಿಕೊಟ್ಟಿರೋದು ಬೀದಿ ಬದಿ ವ್ಯಾಪಾರಿಗಳಿಗೆ. 2014ರ ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಕಾಯ್ದೆಯಲ್ಲಿ ಇವು ಮುಖ್ಯ:

• ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಪಟ್ಟಣ ವ್ಯಾಪಾರ ಸಮಿತಿ (ಟಿವಿಸಿ) ಇರಬೇಕು. ಅದರ ಸದಸ್ಯರಲ್ಲಿ 40%ಗೆ ಕಮ್ಮಿ ಇಲ್ಲದಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು. ಆ ಪಾಲಿನಲ್ಲಿ ಮೂರನೇ ಒಂದು ಭಾಗ ಮಹಿಳೆಯರು.
• ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ.
• ಎತ್ತಂಗಡಿಗೆ 30 ದಿನಗಳ ನೋಟಿಸ್ ಬೇಕು. ವಶಪಡಿಸಿಕೊಂಡ ಹಣ್ಣು, ಸೊಪ್ಪಿನಂಥ ಬೇಗ ಕೆಡುವ ಸರಕನ್ನು ಅದೇ ದಿನ ಹಿಂದಿರುಗಿಸಬೇಕು.
• ಸ್ಥಳಾಂತರ ಅನಿವಾರ್ಯವಾದರೆ ಆ ಯೋಜನೆ ರೂಪಿಸುವಲ್ಲಿ ಬಾಧಿತ ವ್ಯಾಪಾರಿಗಳು ಭಾಗಿಯಾಗಿರಬೇಕು. ಹೊಸ ಮೂಲಸೌಕರ್ಯ ಯೋಜನೆ ಬಂದರೆ ಅದರಿಂದ ಹುಟ್ಟುವ ಜೀವನೋಪಾಯದ ಅವಕಾಶ ಅಲ್ಲಿಂದ ಸ್ಥಳಾಂತರಗೊಂಡವರಿಗೆ ಸಿಗಬೇಕು.

ಕೊನೆಯ ಅಂಶವನ್ನು ಇನ್ನೊಂದು ಸಲ ಓದಿ. ನಾಗವಾರ–ಕಾಳೇನ ಅಗ್ರಹಾರ ಗುಲಾಬಿ ಮಾರ್ಗದ ಶಿವಾಜಿನಗರ ಮೆಟ್ರೋ ನಿಲ್ದಾಣ ಮಾರುಕಟ್ಟೆಯಿಂದ ಕೂಗಳತೆ ದೂರದಲ್ಲಿದೆ. ನಿಲ್ದಾಣದಿಂದ ಹೊರಬರುವ ಜನಪ್ರವಾಹವೇ ಹೊಸ ಗಿರಾಕಿ. ‘ಪ್ರಯಾಣಿಕರಿಗೆ ಅಡ್ಡಿ’ ಅಂತ ತಳ್ಳುಗಾಡಿಗಳನ್ನು ಓಡಿಸುವ ಪ್ರಸ್ತಾವ ಬಂದರೆ, ಕಾಯ್ದೆ ಹೇಳೋದು ಅದರ ತದ್ವಿರುದ್ಧ ಅಂತ ನೆನಪಿಡಿ.

ಇನ್ನೊಂದು ಲೆಕ್ಕ. ನಗರದ ಜನಸಂಖ್ಯೆಯ 2.5%ವರೆಗಿನ ಬೀದಿ ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು ಅನ್ನುತ್ತೆ ಕಾಯ್ದೆ. 2011ರ ಜನಗಣತಿಯ 84 ಲಕ್ಷ ಹಿಡಿದರೂ ಬೆಂಗಳೂರಿಗೆ ಅದು 2.1 ಲಕ್ಷ ಆಗುತ್ತೆ. ಪಾಲಿಕೆಯ ಸಮೀಕ್ಷೆಗಳು ಎಣಿಸಿರೋದು ಅದರ ಒಂದು ಸಣ್ಣ ಪಾಲನ್ನು ಮಾತ್ರ. ಎಣಿಕೆಗೆ ಸಿಗದವರು ಟಿವಿಸಿ ಚುನಾವಣೆಯಲ್ಲಿ ಮತದಾರರೂ ಅಲ್ಲ. ಕುರ್ಚಿ ಕಳೆದುಹೋಗೋದು ಇಲ್ಲಿಂದಲೇ.

ಗಮನಿಸಬೇಕಾದ ಮಾತು: ಈ ಕಾಯ್ದೆ ಕಟ್ಟಡದೊಳಗಿನ ಮಳಿಗೆಯವರಿಗೆ ಅನ್ವಯಿಸಲ್ಲ. ಅವರ ಹಕ್ಕು ಪಾಲಿಕೆಯ ಜೊತೆಗಿನ ಬಾಡಿಗೆ ಒಪ್ಪಂದದಲ್ಲಿದೆ. ಒಂದೇ ಮಾರುಕಟ್ಟೆ, ಗೋಡೆಯ ಈಚೆ ಒಂದು ಕಾನೂನು, ಆಚೆ ಇನ್ನೊಂದು.

ಕಂಪನಿ ಬಂತು, ಕಾರ್ಪೊರೇಟರ್ ಹೋದರು

2015ರಲ್ಲಿ ಶುರುವಾದ ಸ್ಮಾರ್ಟ್ ಸಿಟಿ ಮಿಷನ್‌ಗೆ ಬೆಂಗಳೂರು 2017ರಲ್ಲಿ ಆಯ್ಕೆಯಾಯಿತು. ಕಮರ್ಷಿಯಲ್ ಸ್ಟ್ರೀಟ್‌ನ ಹಾಗೆ ರಸೆಲ್ ಮಾರುಕಟ್ಟೆ ಮುಂದಿನ ಚೌಕವೂ ಅದರಡಿ ಬಂತು. ಕೆಲಸ ಮಾಡಿಸಿದ್ದು ನೇರವಾಗಿ ಪಾಲಿಕೆಯಲ್ಲ, ರಾಜ್ಯ ಸರ್ಕಾರ ಮತ್ತು ಪಾಲಿಕೆ ಸೇರಿ ಮಾಡಿದ ಬೆಂಗಳೂರು ಸ್ಮಾರ್ಟ್ ಸಿಟಿ ಲಿಮಿಟೆಡ್ ಎಂಬ ಕಂಪನಿ. ಕಂಪನಿಗೆ ಸಲಹೆ ಕೊಡಲು ನಗರ ಮಟ್ಟದ ಸಲಹಾ ವೇದಿಕೆ ಇರಬೇಕು ಅಂತ ಕೇಂದ್ರದ ಮಾರ್ಗಸೂಚಿ ಹೇಳಿತ್ತು. ಅದರ ಪಟ್ಟಿಯಲ್ಲಿ ಸಂಸದರು, ಶಾಸಕರು, ಮೇಯರ್, ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ, ತೆರಿಗೆದಾರರ ಸಂಘ, ಕೊಳೆಗೇರಿ ಒಕ್ಕೂಟ, ಮಹಿಳಾ ಮಂಡಳಿ, ವಾಣಿಜ್ಯ ಮಂಡಳಿ ಎಲ್ಲ ಇದ್ದವು. ಬೀದಿ ವ್ಯಾಪಾರಿ ಅನ್ನೋ ಪದ ಆ ಪಟ್ಟಿಯಲ್ಲಿ ಇರಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಬಾಗಿಲೂ ಮುಚ್ಚಿತು. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ ಕೌನ್ಸಿಲ್‌ನ ಅವಧಿ ಮುಗಿಯಿತು. ಆಮೇಲೆ ಐದು ಪಾಲಿಕೆಗಳಾಗಿ ಒಡೆಯುವವರೆಗೂ, ಅಂದರೆ ಪೂರಾ ಐದು ವರ್ಷ, ಚುನಾವಣೆಯೇ ನಡೆಯಲಿಲ್ಲ. ಸಂವಿಧಾನದ 74ನೇ ತಿದ್ದುಪಡಿ ಕೊಟ್ಟ ವಾರ್ಡ್ ಸಮಿತಿಗೆ ಕಾರ್ಪೊರೇಟರ್ ಅಧ್ಯಕ್ಷರಾಗಬೇಕು. ಅವರ ಜಾಗದಲ್ಲಿ ನೋಡಲ್ ಅಧಿಕಾರಿ ಕೂತರು. ಅಧಿಕಾರಿ ಒಳ್ಳೆಯವರಾದರೆ ಸಭೆ, ಇಲ್ಲದಿದ್ದರೆ ಇಲ್ಲ. ಮುಂದಿನ ಸಲ ಮತ ಕೇಳಬೇಕಾದ ಅಂಜಿಕೆ ಅವರಿಗಿಲ್ಲ.

‘ವ್ಯಾಪಾರಿಗಳಲ್ಲೇ ಒಗ್ಗಟ್ಟಿಲ್ಲವಲ್ಲ?’

ಈ ಆಕ್ಷೇಪಣೆಯಲ್ಲಿ ನಿಜ ಇದೆ. ಒಳಗೆ ಬಾಡಿಗೆ ಕಟ್ಟುವವರಿಗೆ ಬಾಗಿಲಲ್ಲೇ ಕೂತು ಅದೇ ಹಣ್ಣು ಮಾರುವವರ ಮೇಲೆ ಸಿಟ್ಟಿದೆ. ಗಾಲಿಕುರ್ಚಿಯವರಿಗೆ, ಮಗು ಎತ್ತಿಕೊಂಡ ತಾಯಿಗೆ ನಡೆಯೋಕೆ ಜಾಗ ಬೇಕು ಅನ್ನೋದೂ ಹಕ್ಕಿನ ಮಾತೇ. ಅಗ್ನಿಶಾಮಕ ವಾಹನ ಒಳಬರಲು ದಾರಿ ಬೇಕು ಅನ್ನೋದನ್ನು 2012 ಕಂಡವರಿಗೆ ಹೇಳಿಕೊಡಬೇಕಿಲ್ಲ.

ಆದರೆ ಜಗಳ ಇದೆ ಅನ್ನೋದು ಸಭೆ ಕರೆಯದಿರಲು ಕಾರಣ ಆಗಲ್ಲ, ಕರೆಯಲೇಬೇಕಾದ ಕಾರಣ ಆಗುತ್ತೆ. ಒಳಗಿನವರನ್ನು ಒಂದು ದಿನ, ಹೊರಗಿನವರನ್ನು ಇನ್ನೊಂದು ದಿನ ಬೇರೆ ಬೇರೆ ಕರೆದು ಮಾತಾಡಿದರೆ ಇಬ್ಬರಿಗೂ ಇಬ್ಬರ ಮೇಲೂ ಅನುಮಾನ ಹುಟ್ಟುತ್ತೆ, ನಕ್ಷೆ ಮಾತ್ರ ಇಬ್ಬರಿಗೂ ಕೊನೆಗೆ ಗೊತ್ತಾಗುತ್ತೆ.

ಮೈಸೂರಿನ ಪಾಠ, ಡರ್ಬನ್‌ನ ಪಾಠ

ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಕೆಡವಬೇಕೋ, ದುರಸ್ತಿ ಮಾಡಬೇಕೋ ಅನ್ನೋ ವ್ಯಾಜ್ಯ ಹೈಕೋರ್ಟ್ ಹತ್ತಿ ವರ್ಷಗಟ್ಟಲೆ ಎಳೆಯಿತು. 2023ರಲ್ಲಿ ಹೈಕೋರ್ಟ್ ಕೆಡವುವ ಪರ ಇದ್ದ ತಜ್ಞರ ವರದಿಯನ್ನು ಒಪ್ಪಿತು. ಅಷ್ಟೂ ವರ್ಷ ವಾದದ ಕೇಂದ್ರದಲ್ಲಿದ್ದದ್ದು ಗಾರೆ, ಗೋಡೆ, ಶಿಥಿಲತೆ. ಹೂವಿನ ಸಾಲಿನವರು ಯಾವ ಮಳಿಗೆಗೆ, ಯಾವ ಬಾಡಿಗೆಗೆ ವಾಪಸ್ ಬರ್ತಾರೆ ಅನ್ನೋದು ಹಿಂದೆ ಉಳಿಯಿತು. ಕಟ್ಟಡ ಕೈಗೆ ಸಿಗದ ಸ್ಥಿತಿ ತಲುಪಿದ ಮೇಲೆ ಶುರುವಾಗುವ ಮಾತುಕತೆ ಎಂಜಿನಿಯರುಗಳ ಮಾತುಕತೆ ಆಗಿಬಿಡುತ್ತೆ.

ದಕ್ಷಿಣ ಆಫ್ರಿಕಾದ ಡರ್ಬನ್ ನಗರದ ವಾರ್ವಿಕ್ ಜಂಕ್ಷನ್ ಇನ್ನೊಂದು ಬಗೆ. ಬಸ್ಸು, ರೈಲು, ಟ್ಯಾಕ್ಸಿ ಕೂಡುವ ಜಾಗ, ಥೇಟ್ ಶಿವಾಜಿನಗರ. 1990ರ ದಶಕದಲ್ಲಿ ಅಲ್ಲಿನ ಪಾಲಿಕೆ ಬೀದಿ ವ್ಯಾಪಾರಿಗಳ ಜೊತೆ ಸರಕಿನ ಪ್ರಕಾರ ಕೂತು ಮಾತಾಡಿತು: ಗಿಡಮೂಲಿಕೆಯವರ ಜೊತೆ ಬೇರೆ, ಜೋಳ ಬೇಯಿಸುವವರ ಜೊತೆ ಬೇರೆ, ದನದ ತಲೆಮಾಂಸ ಬೇಯಿಸಿ ಮಾರುವ ಹೆಂಗಸರ ಜೊತೆ ಬೇರೆ. ಅರ್ಧಕ್ಕೆ ನಿಂತ ಮೇಲ್ಸೇತುವೆಯೊಂದು ಗಿಡಮೂಲಿಕೆ ಮಾರುಕಟ್ಟೆಯಾಯಿತು. 2009ರಲ್ಲಿ, ಫುಟ್‌ಬಾಲ್ ವಿಶ್ವಕಪ್‌ನ ಮುನ್ನ, ಅದೇ ಪಾಲಿಕೆ ಅಲ್ಲಿನ ನೂರು ವರ್ಷದ ಬೆಳಗಿನ ಮಾರುಕಟ್ಟೆಯ ಜಾಗದಲ್ಲಿ ಮಾಲ್ ಕಟ್ಟಲು ಹೊರಟಿತು. ವ್ಯಾಪಾರಿಗಳು ಬೀದಿಗಿಳಿದರು, ಕೋರ್ಟಿಗೂ ಹೋದರು. ಮಾಲ್ ಬರಲಿಲ್ಲ. ಎರಡು ಪಾಠ: ಮಾತುಕತೆ ಸರಕಿನಷ್ಟು ಸೂಕ್ಷ್ಮ ಆಗಿರಬೇಕು, ಒಮ್ಮೆ ಸಿಕ್ಕ ಕುರ್ಚಿ ಶಾಶ್ವತ ಅಂತ ನಂಬಬಾರದು.

ನಾವೇನು ಮಾಡಬಹುದು

ಶನಿವಾರ ಬೆಳಿಗ್ಗೆ ‘ಹೆರಿಟೇಜ್ ವಾಕ್’ ಮಾಡಿ ಫೋಟೋ ಹಾಕೋದು ತಪ್ಪಲ್ಲ, ಸಾಲದು. ನನಗೆ ಉಪಯುಕ್ತ ಅನ್ನಿಸುವ ನಾಲ್ಕು ಕೆಲಸ ಹೇಳ್ತೀನಿ.

ಒಂದು, ಮಾಹಿತಿ ಹಕ್ಕು. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಟಿವಿಸಿ ಸದಸ್ಯರ ಪಟ್ಟಿ, ಕಳೆದ ಸಭೆಗಳ ನಡಾವಳಿ, ಮಾರುಕಟ್ಟೆಯ ಪುನರಭಿವೃದ್ಧಿ ಪ್ರಸ್ತಾವ ಇದ್ದರೆ ಅದರ ನಕ್ಷೆ ಕೇಳಿ. ಜನರ ಮೇಲೆ ಪರಿಣಾಮ ಬೀರುವ ನೀತಿ ರೂಪಿಸುವಾಗ ಎಲ್ಲ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸಬೇಕು ಅಂತ ಆ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತೆ. ಅದನ್ನೂ ಅರ್ಜಿಯಲ್ಲಿ ನೆನಪಿಸಿ.

ಎರಡು, ಎಣಿಕೆ. ಮುಂದಿನ ಸಮೀಕ್ಷೆ ಯಾವಾಗ ಅಂತ ತಿಳಿದುಕೊಂಡು, ಬೆಳಗಿನ ಜಾವ ಬಂದು ಹತ್ತು ಗಂಟೆಗೆ ಎದ್ದುಹೋಗುವ ಸೊಪ್ಪಿನಮ್ಮನ ಹೆಸರೂ ಬರೆಯಿಸುವ ಹಾಗೆ ನೋಡಿಕೊಳ್ಳಿ. ಕಚೇರಿ ಸಮಯದ ಸಮೀಕ್ಷೆಗೆ ಅವರು ಸಿಗಲ್ಲ.

ಮೂರು, ಭಾಷೆ. ನೋಟಿಸ್ ಕನ್ನಡದಲ್ಲಿರಬೇಕು, ಸಭೆಯಲ್ಲಿ ತಮಿಳು, ಉರ್ದು ಮಾತಾಡುವವರಿಗೆ ಅರ್ಥ ಆಗುವಂತೆ ಹೇಳುವವರಿರಬೇಕು. ಸಭೆ ವ್ಯಾಪಾರದ ಹೊತ್ತಲ್ಲಿ ಇಟ್ಟರೆ ಅದು ಕರೆದಂತೆ ಅಲ್ಲ.

ನಾಲ್ಕು, ಮತ. ಪಾಲಿಕೆ ಚುನಾವಣೆಯ ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ ‘ರಸೆಲ್ ಮಾರುಕಟ್ಟೆ ಅಭಿವೃದ್ಧಿ ಮಾಡ್ತೀರಾ?’ ಅಂತ ಕೇಳಬೇಡಿ. ಯಾರಾದರೂ ಹೂಂ ಅಂತಾರೆ. ‘ನಕ್ಷೆ ಅಂತಿಮ ಆಗುವ ಮುಂಚೆ ಒಳಗಿನವರು, ಬೀದಿಯವರು, ಹಮಾಲರು ಒಂದೇ ಸಭೆಯಲ್ಲಿ ಕೂರ್ತಾರಾ? ಅದರ ನಡಾವಳಿ ಮಾರುಕಟ್ಟೆಯ ಗೋಡೆ ಮೇಲೆ ಅಂಟಿಸ್ತೀರಾ?’ ಅಂತ ಕೇಳಿ. ಈ ಪ್ರಶ್ನೆಗೆ ಹೌದು ಅನ್ನೋದು ಕಷ್ಟ. ಹೌದು ಅಂದವರನ್ನು ಆಮೇಲೆ ಹಿಡಿದು ನಿಲ್ಲಿಸೋದು ಸುಲಭ.