ಒಲಿಂಪಿಯಾಕೋಸ್ (ವಾಟರ್ ಪೋಲೋ)

ಗ್ರೀಸಿನ ಪಿರೇಯಸ್ ಬಂದರುನಗರದಲ್ಲಿ 1925ರಲ್ಲಿ ಸ್ಥಾಪಿತವಾದ ಕ್ರೀಡಾಸಂಘ. ಲಾರೆಲ್ ಪರ್ಣಮಾಲೆಯನ್ನು ಮುಡಿದ ತರುಣನ ಮುಖವೇ ಇದರ ಲಾಂಛನ. ಸಂಘದ ವಾಟರ್ ಪೋಲೋ ತಂಡವು ಕಾಲ್ಚೆಂಡಿನ ಖ್ಯಾತಿಯ ನೆರಳಿನಲ್ಲಿಯೇ ಬೆಳೆಯಿತಾದರೂ, ಪಕ್ಷಕ್ಕೆ ಏಳು ಮಂದಿ ತಳವನ್ನು ಮುಟ್ಟದೆ ಈಜುತ್ತ, ಗೋಲುರಕ್ಷಕನ ಹೊರತು ಮಿಕ್ಕವರೆಲ್ಲರೂ ಒಂದೇ ಕೈಯಿಂದ ಚೆಂಡನ್ನು ಹಿಡಿದು ಎಸೆಯಬೇಕಾದ ಈ ಜಲಕ್ರೀಡೆಯಲ್ಲಿ ಇದರ ಸಾಧನೆ ಕಿರಿದೇನಲ್ಲ. ಅದೇ ಊರಿನ ಎಥ್ನಿಕೋಸ್ ಸಂಘವು 1953ರಿಂದ ಮೂರು ದಶಕಗಳ ಪರ್ಯಂತ ರಾಷ್ಟ್ರೀಯ ಪ್ರಶಸ್ತಿಯನ್ನು ಬಹುಮಟ್ಟಿಗೆ ತನ್ನ ಸ್ವತ್ತಾಗಿಸಿಕೊಂಡಿದ್ದುದರಿಂದ ಒಲಿಂಪಿಯಾಕೋಸಿನ ಅಭ್ಯುದಯ ತಡವಾಯಿತೆನ್ನಬೇಕು. 1990ರ ದಶಕದಿಂದ ಮೊದಲ್ಗೊಂಡು ಪ್ರಾಬಲ್ಯವು ಇತ್ತ ಹೊರಳಿತು. 2002ರಲ್ಲಿ, ಈ ಆಟದಲ್ಲಿ ಅಗ್ರಗಣ್ಯವಾದ ಹಂಗೆರಿಯ ಹೊನ್ವೇದ್ ತಂಡವನ್ನು ಬುಡಾಪೆಸ್ಟಿನಲ್ಲಿಯೇ, ಅದರ ನೆಲದಲ್ಲೆನ್ನುವುದಕ್ಕಿಂತ ಅದರ ನೀರಿನಲ್ಲಿಯೇ, ಮಣಿಸಿ ಯುರೋಪಿನ ಕಿರೀಟವನ್ನು ಧರಿಸಿತು. 2018ರಲ್ಲಿ ಜಿನೋವಾದಲ್ಲಿ ಇಟಲಿಯ ಪ್ರೊ ರೆಕ್ಕೊ ತಂಡಕ್ಕೂ ಅದೇ ಗತಿಯಾಯಿತು. ಮಹಿಳಾ ತಂಡವು 2015, 2021 ಮತ್ತು 2022ರಲ್ಲಿ ಯುರೋಪಿನ ಪ್ರಶಸ್ತಿಯನ್ನು ಗೆದ್ದಿದೆ.