ಪರಿಹಾರ ಎಂಬ ಮಾತು

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತಮುತ್ತ ‘ಪರಿಹಾರ ಬಂತಾ?’ ಎಂದು ಯಾರಾದರೂ ಕೇಳಿದರೆ ಮೊದಲು ನೆನಪಾಗುವುದು ಜಮೀನು. ವಿಮಾನ ನಿಲ್ದಾಣಕ್ಕೆ, ಕೈಗಾರಿಕಾ ಪ್ರದೇಶಕ್ಕೆ ಭೂಮಿ ಬಿಟ್ಟುಕೊಟ್ಟ ತಾಲ್ಲೂಕು ಇದು. ಜಾತಕ ಹಿಡಿದು ಕೂತವರಿಗೆ ದೋಷ ಪರಿಹಾರ, ಮಳೆ ಕೈಕೊಟ್ಟ ವರ್ಷ ಬೆಳೆ ಪರಿಹಾರ. ಹಳೆಯ ದಾನಶಾಸನಗಳಲ್ಲಿ ‘ಸರ್ವಬಾಧಾ ಪರಿಹಾರ’ ಎಂದು ಬರುತ್ತದೆ. ದತ್ತಿ ಬಿಟ್ಟ ಭೂಮಿಗೆ ಇನ್ನು ತೆರಿಗೆ, ತೊಡಕುಗಳ ಕಾಟವಿಲ್ಲ ಎಂಬ ಭರವಸೆ ಅದು.

ಈ ಪದ ಕೆಲಸದ ಜಾಗಕ್ಕೆ ಬಂದಾಗ ಮಾತ್ರ ಯಾಕೋ ಸಣ್ಣದಾಗಿಬಿಡುತ್ತದೆ. ನಮ್ಮೂರಿನ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಬಿಸಿನೀರಿನ ಮುಂದೆ ಕೂತವರ ಬೆರಳ ತುದಿ ಸದಾ ನೆನೆದು ಸುಕ್ಕುಗಟ್ಟಿರುತ್ತದೆ. ಗೂಡಿನ ಎಳೆ ಹುಡುಕಿ ಹಿಡಿಯುವುದು ಆ ಬೆರಳೇ. ಅದು ಯಂತ್ರಕ್ಕೆ ಸಿಕ್ಕಿತೆಂದರೆ, ಆಸ್ಪತ್ರೆ ಬಿಲ್ ಕಟ್ಟಿ, ‘ಇಷ್ಟು ಇಟ್ಕೊಳಮ್ಮ, ನಮ್ದೇನೂ ತಪ್ಪಿಲ್ಲ’ ಅಂದುಬಿಡುವುದುಂಟು.

ತಪ್ಪು ಯಾರದು ಅನ್ನುವುದನ್ನು 1923ರ ಕಾರ್ಮಿಕರ ಪರಿಹಾರ ಕಾಯ್ದೆಯೇ ಪಕ್ಕಕ್ಕಿಟ್ಟಿತ್ತು. ಕೆಲಸದ ಕಾರಣದಿಂದ, ಕೆಲಸದ ಹೊತ್ತಿನಲ್ಲಿ ಪೆಟ್ಟಾಯಿತೇ? ಸಾಮಾನ್ಯವಾಗಿ ಅಷ್ಟು ಸಾಕು. ತೋರುಬೆರಳು ಪೂರ್ತಿ ಹೋದರೆ ದುಡಿಮೆಯ ಶಕ್ತಿ ಶೇ. 14ರಷ್ಟು ನಷ್ಟ ಎಂದು ಅದರ ಪಟ್ಟಿ ಹೇಳುತ್ತಿತ್ತು. 25 ವರ್ಷದ, ತಿಂಗಳಿಗೆ 15,000 ರೂಪಾಯಿ ಕೂಲಿಯವಳಿಗೆ ಲೆಕ್ಕ ಹಾಕಿ: ಕೂಲಿಯ ಶೇ. 60, ವಯಸ್ಸಿನ ಗುಣಕ 216.91, ಅದರಲ್ಲಿ ಶೇ. 14. ಸುಮಾರು 2 ಲಕ್ಷ 73 ಸಾವಿರ. ಕೈಗಿಟ್ಟ ನೋಟುಗಳ ಪಕ್ಕದಲ್ಲಿ ಈ ಮೊತ್ತವನ್ನಿಟ್ಟು ನೋಡಬೇಕು.

ಮೊಣಕೈ ಮೇಲಿನಿಂದ ಎಡಗೈ ಕಳೆದುಕೊಂಡ ಬಡಗಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಪಟ್ಟಿಗೂ ಜೋತುಬೀಳಲಿಲ್ಲ. ಒಂದೇ ಕೈಯಲ್ಲಿ ಮರಗೆಲಸ ಆಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂದಿತು, ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ. ಹಣ ಸಲ್ಲಬೇಕಾದದ್ದು ಅಪಘಾತದ ದಿನದಿಂದಲೇ ಎಂದೂ ಹೇಳಿತು.

ವ್ಯಾಜ್ಯ ಹುಟ್ಟುವುದು ಹೆಚ್ಚಾಗಿ ಇನ್ನೊಂದು ಕಡೆ: ‘ಅವಳು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’, ‘ಕೂಲಿ ಅಷ್ಟಿರಲಿಲ್ಲ’. ವಾರದ ಬಟವಾಡೆಗೆ ಚೀಟಿಯೇ ಇಲ್ಲದಿದ್ದರೆ ಹೆಂಗಸು ಏನು ತೋರಿಸಬೇಕು? ಎರಡು ಬೇಸಿನ್ ಇಟ್ಟುಕೊಂಡ ಸಣ್ಣ ರೀಲರ್‌ಗೂ ಎರಡು ಮುಕ್ಕಾಲು ಲಕ್ಷ ಹಗುರವಲ್ಲ, ನಿಜ. ಹೆಸರನ್ನೂ ಕೂಲಿಯನ್ನೂ ಪುಸ್ತಕದಲ್ಲಿ ಬರೆದು ವಿಮೆ ಮಾಡಿಸಿದ್ದರೆ ಆ ಹೊರೆ ವಿಮಾ ಕಂಪನಿಯದು. 2025ರ ನವೆಂಬರ್‌ನಿಂದ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪರಿಹಾರಕ್ಕೆ ಅರ್ಜಿ ಹಾಕಲು ಇರುವ ಗಡುವು ಎರಡು ವರ್ಷ.