ಶುಲ್ಕದ ಡಿಶ್‌ನಿಂದ ಉಚಿತ ಡಿಶ್‌ಗೆ: ಕನ್ನಡದ ಮನೆ ತಿಳಿದಿರಬೇಕಾದ ಸಂಗತಿಗಳು

ಹೊರದೇಶಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರು ಊರಿನಲ್ಲಿರುವ ತಂದೆತಾಯಿಯರ ಟಿ.ವಿ.ಯ ಶುಲ್ಕವನ್ನು ತಾವಿರುವಲ್ಲಿಂದಲೇ ಪಾವತಿಸುತ್ತಾರೆ. ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ ವೈದ್ಯನಾಗಿರುವ ನಾನೂ ಅವರಲ್ಲೊಬ್ಬ. ತೀರ್ಥಹಳ್ಳಿಯ ಸಮೀಪದ ಮನೆಯಲ್ಲಿರುವ ನನ್ನ ತಾಯಿಯವರ ಡಿಶ್‌ಗೆ ವರ್ಷಗಳಿಂದ ರೀಚಾರ್ಜ್ ಮಾಡುತ್ತಿದ್ದೇನೆ. ಸರ್ಕಾರದ ಉಚಿತ ಡಿಶ್ ಇರುವಾಗ ತಿಂಗಳು ತಿಂಗಳು ಹಣ ಕಟ್ಟುವುದೇಕೆ ಎಂಬ ಪ್ರಶ್ನೆಯನ್ನು ಇಲ್ಲಿನ ಸ್ನೇಹಿತರು ಆಗಾಗ ಕೇಳುತ್ತಾರೆ. ಇದಕ್ಕೆ ಉತ್ತರ ಹೇಳಬೇಕಾದರೆ ಉಚಿತ ಸೇವೆಯ ಖರ್ಚನ್ನು ಯಾರು ಹೊರುತ್ತಾರೆ ಎಂಬುದನ್ನು ಮೊದಲು ಅರಿಯಬೇಕು.

ಭಾರತದಲ್ಲಿ ಉಪಗ್ರಹದಿಂದ ನೇರವಾಗಿ ಮನೆಗೆ ಟಿ.ವಿ. ತಲುಪಿಸುವ ಶುಲ್ಕಸಹಿತ ಸೇವೆಯನ್ನು 2003ರಲ್ಲಿ ಡಿಶ್ ಟಿ.ವಿ. ಆರಂಭಿಸಿತು. 2006ರಲ್ಲಿ ಟಾಟಾ ಸ್ಕೈ, 2007ರಲ್ಲಿ ಸನ್ ಡೈರೆಕ್ಟ್ ಬಂದವು. ಇವೆರಡಕ್ಕೂ ಮೊದಲೇ, 2004ರ ಡಿಸೆಂಬರ್‌ನಲ್ಲಿ, ಪ್ರಸಾರ ಭಾರತಿಯು ‘ಡಿಡಿ ಡೈರೆಕ್ಟ್ ಪ್ಲಸ್’ ಎಂಬ ಉಚಿತ ಸೇವೆಯನ್ನು 33 ವಾಹಿನಿಗಳೊಡನೆ ಪ್ರಾರಂಭಿಸಿತ್ತು. ಅದೇ ಇಂದಿನ ‘ಡಿಡಿ ಫ್ರೀ ಡಿಶ್’. ಉದ್ಯಮದ ಅಂದಾಜಿನಂತೆ 4 ಕೋಟಿಗೂ ಹೆಚ್ಚು ಮನೆಗಳು ಇದನ್ನು ಬಳಸುತ್ತಿವೆ. ಡಿಶ್ ಮತ್ತು ಬಾಕ್ಸ್ ಕೊಳ್ಳುವಾಗ ಒಮ್ಮೆ ಹಣ ಕೊಟ್ಟರೆ ಆಯಿತು. ಆಮೇಲೆ ತಿಂಗಳ ಶುಲ್ಕವಿಲ್ಲ.

ಶುಲ್ಕಸಹಿತ ಸೇವೆಯಲ್ಲಿ ವೀಕ್ಷಕನು ಕಂಪನಿಗೆ ಹಣ ಕೊಡುತ್ತಾನೆ, ಅದರಲ್ಲಿ ಒಂದು ಭಾಗ ವಾಹಿನಿಗೆ ಸಲ್ಲುತ್ತದೆ. ಉಚಿತ ಸೇವೆಯಲ್ಲಿ ಹಣದ ಹರಿವು ತಿರುಗುಮುರುಗಾಗುತ್ತದೆ. ಫ್ರೀ ಡಿಶ್‌ನ ಸ್ಥಾನಗಳನ್ನು ಪ್ರಸಾರ ಭಾರತಿ 2011ರಿಂದ ಹರಾಜು ಹಾಕುತ್ತಿದೆ. ಖಾಸಗಿ ವಾಹಿನಿಗಳು ಹಣ ತೆತ್ತು ಸ್ಥಾನ ಪಡೆಯುತ್ತವೆ, ತೆತ್ತದ್ದನ್ನು ಜಾಹೀರಾತಿನಿಂದ ಗಳಿಸಿಕೊಳ್ಳುತ್ತವೆ. ಆದ್ದರಿಂದ ಎಲ್ಲಿ ಜಾಹೀರಾತಿನ ಮಾರುಕಟ್ಟೆ ದೊಡ್ಡದೋ ಅಲ್ಲಿನ ಭಾಷೆಗೆ ಹೆಚ್ಚು ಸ್ಥಾನ ದೊರೆಯುತ್ತದೆ. ಹರಾಜಿನಲ್ಲಿ ಅತಿ ಹೆಚ್ಚಿನ ಮೂಲಬೆಲೆ ಇರುವುದು ಹಿಂದಿ ಮನರಂಜನಾ ವಾಹಿನಿಗಳ ಗುಂಪಿಗೆ.

ಈ ಲೆಕ್ಕಾಚಾರ ಬದಲಾದಾಗ ವಾಹಿನಿಗಳೂ ಕಣ್ಮರೆಯಾಗುತ್ತವೆ. 2019ರ ಮಾರ್ಚ್‌ನಲ್ಲಿ ಸ್ಟಾರ್ ಉತ್ಸವ್, ಜೀ ಅನ್ಮೋಲ್, ಸೋನಿ ಪಲ್ ಮೊದಲಾದ ಹಿಂದಿ ವಾಹಿನಿಗಳು ಫ್ರೀ ಡಿಶ್‌ನಿಂದ ಹೊರನಡೆದವು. 2020ರ ಜೂನ್‌ನಲ್ಲಿ ಮರಳಿದವು. 2022ರಲ್ಲಿ ದೊಡ್ಡ ಸಂಸ್ಥೆಗಳು ಮತ್ತೊಮ್ಮೆ ಅವನ್ನು ಹಿಂತೆಗೆದುಕೊಂಡವು. ತಿಂಗಳ ಹಣ ಕೊಡದ ವೀಕ್ಷಕನಿಗೆ ಇದರಲ್ಲಿ ಯಾವ ಮಾತೂ ಇರಲಿಲ್ಲ.

ಇನ್ನು ಕನ್ನಡದ ಪಾಲು. 1994ರಲ್ಲಿ ಬಂದ ಉದಯ, ಮೊದಲು ಈಟಿವಿ ಕನ್ನಡ ಎಂದಿದ್ದ ಇಂದಿನ ಕಲರ್ಸ್ ಕನ್ನಡ, ಜೀ ಕನ್ನಡ, ಸುವರ್ಣ ಇವು ಶುಲ್ಕದ ವಾಹಿನಿಗಳು. ಸಂಜೆಯ ಧಾರಾವಾಹಿಗಳು ಬರುವುದು ಇವುಗಳಲ್ಲಿ. ಇವನ್ನು ಉಚಿತ ಡಿಶ್‌ನಲ್ಲಿ ನಿರೀಕ್ಷಿಸಲಾಗದು. ಅಲ್ಲಿ ನೆಚ್ಚಿಕೊಳ್ಳಬಹುದಾದ ಕನ್ನಡ ವಾಹಿನಿಯೆಂದರೆ ದೂರದರ್ಶನದ ಚಂದನ. 1981ರಲ್ಲಿ ಆರಂಭವಾದ ಬೆಂಗಳೂರು ದೂರದರ್ಶನ ಕೇಂದ್ರದ ಈ ವಾಹಿನಿಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ವೃತ್ತಿಬಂಧುವಾದ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದಿರುವ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಕಾರ್ಯಕ್ರಮ, ಕೃಷಿ ಕಾರ್ಯಕ್ರಮಗಳು, ಶಾಸ್ತ್ರೀಯ ಸಂಗೀತ, ಆತುರವಿಲ್ಲದ ವಾರ್ತೆ ಇವೆಲ್ಲ ಅಲ್ಲಿವೆ. ಆಕಾಶವಾಣಿಯ ಪ್ರಸಾರಗಳನ್ನೂ ಇದೇ ಬಾಕ್ಸಿನಲ್ಲಿ ಕೇಳಬಹುದು. ಆದರೆ ಚಂದನವು ಶುಲ್ಕಸಹಿತ ಸೇವೆಗಳಲ್ಲಿಯೂ ಬರುತ್ತದೆ. ಆದ್ದರಿಂದ ಬದಲಾಯಿಸಿಕೊಂಡ ಕನ್ನಡದ ಮನೆಗೆ ಹೊಸದಾಗಿ ಸಿಗುವ ಕನ್ನಡ ಬಹಳ ಕಡಿಮೆ, ಕಳೆದುಹೋಗುವ ಕನ್ನಡವೇ ಹೆಚ್ಚು.

ಬದಲಾವಣೆಯ ಕೆಲಸವೇನೂ ಕಠಿಣವಲ್ಲ. ಫ್ರೀ ಡಿಶ್‌ನ ಪ್ರಸಾರ ಬರುವುದು 2015ರ ನವೆಂಬರ್‌ನಲ್ಲಿ ಉಡಾವಣೆಯಾದ ಜಿಸ್ಯಾಟ್-15 ಉಪಗ್ರಹದಿಂದ. ಅದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಟಾಟಾ ಸೇವೆಯ ಉಪಗ್ರಹ ಇರುವುದು 83 ಡಿಗ್ರಿಯಲ್ಲಿ. ತೀರ್ಥಹಳ್ಳಿಯಂಥ ಊರಿನಲ್ಲಿ ಹಳೆಯ ಡಿಶ್ಶನ್ನು ಸುಮಾರು 25 ಡಿಗ್ರಿ ಪೂರ್ವಕ್ಕೆ ತಿರುಗಿಸಿ, 8 ಡಿಗ್ರಿಯಷ್ಟು ತಗ್ಗಿಸಬೇಕಾಗುತ್ತದೆ. ಆಗ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 63 ಡಿಗ್ರಿ ಎತ್ತರವನ್ನು ನೋಡುತ್ತಿರುತ್ತದೆ. ಅಷ್ಟು ಎತ್ತರಕ್ಕೆ ನೋಡುವುದರಿಂದ ದೂರದ ಗುಡ್ಡ ಅಡ್ಡಬರುವುದಿಲ್ಲ. ಅಂಗಳದಂಚಿನ ಅಡಿಕೆಮರ ಅಡ್ಡಬರಬಹುದು.

ಹಳೆಯ ಡಿಶ್ ಉಳಿದರೂ ಬಾಕ್ಸ್ ಬೇರೆಯದೇ ಬೇಕು. ಫ್ರೀ ಡಿಶ್‌ನ ವಾಹಿನಿಗಳಲ್ಲಿ ಕೆಲವು ಎಂಪೆಗ್-2, ಕೆಲವು ಎಂಪೆಗ್-4 ವಿಧಾನದಲ್ಲಿ ಬರುತ್ತವೆ. ಎಂಪೆಗ್-4 ಬಾಕ್ಸಿನಲ್ಲಿ ಎರಡೂ ಕಾಣುತ್ತವೆ, ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಒಂದೇ. ಹರಾಜಿನ ನಂತರ ವಾಹಿನಿಗಳ ಪಟ್ಟಿ ಬದಲಾದಾಗ ಬಾಕ್ಸಿನಲ್ಲಿ ಮತ್ತೆ ಹುಡುಕಿಸಬೇಕು. ಮಲೆನಾಡಿನವರು ಮಳೆಯನ್ನೂ ಗಮನಿಸಬೇಕು. ಈ ಸೇವೆಗಳು ಬಳಸುವ ಕೆಯು ಬ್ಯಾಂಡ್ ತರಂಗಗಳನ್ನು ಜೋರು ಮಳೆ ಹೀರಿಕೊಳ್ಳುತ್ತದೆ; ಶುಲ್ಕದ ಸೇವೆಗೂ ಉಚಿತ ಸೇವೆಗೂ ಅದರಲ್ಲಿ ವ್ಯತ್ಯಾಸವಿಲ್ಲ. ಸ್ವಲ್ಪ ದೊಡ್ಡ ಡಿಶ್ ಹಾಕಿಸಿದರೆ ಚಿತ್ರ ಹೋಗುವ ಸಮಯ ಕಡಿಮೆಯಾಗುತ್ತದೆ.

ಬೇರೆ ದೇಶಗಳಲ್ಲಿ ಈ ಬದಲಾವಣೆಯ ಅರ್ಥವೇ ಬೇರೆ. ಬ್ರಿಟನ್ನಿನಲ್ಲಿ 2008ರಲ್ಲಿ ಬಿಬಿಸಿ ಮತ್ತು ಐಟಿವಿ ಸೇರಿ ಆರಂಭಿಸಿದ ‘ಫ್ರೀಸ್ಯಾಟ್’, ಶುಲ್ಕದ ಸ್ಕೈ ಸೇವೆಯ ಉಪಗ್ರಹ ಸ್ಥಾನದಿಂದಲೇ ಬರುತ್ತದೆ. ಅಲ್ಲಿ ಡಿಶ್ ಮುಟ್ಟದೆ ಬಾಕ್ಸ್ ಮಾತ್ರ ಬದಲಿಸಿದರೆ ಸಾಕು, ದೇಶದ ಮುಖ್ಯ ವಾಹಿನಿಗಳೆಲ್ಲ ಮನೆಮಾತಿನಲ್ಲೇ ದೊರೆಯುತ್ತವೆ. ನಮ್ಮ ರಾಕ್‌ವಿಲ್‌ನಲ್ಲಿ ಉಚಿತ ಟಿ.ವಿ. ಎಂದರೆ ಸಾಮಾನ್ಯವಾಗಿ ಉಪಗ್ರಹವಲ್ಲ, ಆಂಟೆನಾ. ವಾಷಿಂಗ್ಟನ್ನಿನ 4, 5, 7, 9 ಮತ್ತು 26ನೆಯ ವಾಹಿನಿಗಳು ಅದರಲ್ಲಿ ಸಿಗುತ್ತವೆ. ಇಂಗ್ಲಿಷ್ ನೋಡುವವರಿಗೆ ಎರಡು ಕಡೆಯೂ ನಷ್ಟ ಅಲ್ಪ. ಕನ್ನಡದ ಮನೆಗೆ ಉಚಿತ ಎಂಬುದರ ಬೆಲೆ ಭಾಷೆಯಲ್ಲಿ ತಿಳಿಯುತ್ತದೆ.

ತಾಯಿಯವರೊಡನೆ ಈ ವಿಚಾರ ಪ್ರಸ್ತಾಪಿಸಿದಾಗ ಅವರು ಕೇಳಿದ್ದು ಒಂದೇ ಮಾತು: “ದುಡ್ಡು ಉಳಿಯೋದು ಒಳ್ಳೇದೇ ಮಾರಾಯ. ಆದ್ರೆ ಅದ್ರಲ್ಲಿ ಏಳು ಗಂಟೆ ಧಾರಾವಾಹಿ ಬರ್ತದಾ?” ಆ ಹೊತ್ತಿಗೆ ಪಕ್ಕದ ಮನೆಯಾಕೆಯೂ ಬಂದು ಕೂರುತ್ತಾರೆ. ಧಾರಾವಾಹಿ ಮುಗಿದ ಮೇಲೆ ಅದರ ಸೊಸೆಯ ನಡತೆಯ ಬಗ್ಗೆ ಇಬ್ಬರಿಗೂ ಅರ್ಧ ಗಂಟೆಯ ಚರ್ಚೆ. ಒಂಟಿಯಾಗಿರುವ ಹಿರಿಯರನ್ನು ಬಹುಕಾಲ ನೋಡಿಕೊಂಡು ಬಂದ ವೈದ್ಯನಾಗಿ ಹೇಳುವುದಾದರೆ, ದಿನಕ್ಕೊಂದು ಗೊತ್ತಾದ ಹೊತ್ತು, ಗೊತ್ತಾದ ಭಾಷೆ, ಜೊತೆಗೊಬ್ಬರು ಇವು ಸಣ್ಣ ಸಂಗತಿಗಳಲ್ಲ. ನೆನಪಿನ ಶಕ್ತಿ ಕುಂದುತ್ತಿರುವವರಿಗೆ ರಿಮೋಟಿನ ಗುಂಡಿ ಮತ್ತು ವಾಹಿನಿಯ ಸಂಖ್ಯೆ ಬದಲಾಗುವುದೂ ಕಷ್ಟವೇ. ತಾಯಿಯವರ ಮನೆಯಲ್ಲಿ ಶುಲ್ಕದ ಸೇವೆಯೇ ಉಳಿಯಿತು. ಕಡಿಮೆಯಾದದ್ದು ಅದರೊಳಗಿನ ವಾಹಿನಿಗಳು.

ಈ ನಡುದಾರಿ ಬಹಳ ಮಂದಿಗೆ ತಿಳಿದಿಲ್ಲ. 2019ರ ಫೆಬ್ರವರಿಯಿಂದ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ, ವೀಕ್ಷಕನು ತನಗೆ ಬೇಕಾದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು. ಆಗ 100 ವಾಹಿನಿಗಳವರೆಗಿನ ಮೂಲ ಶುಲ್ಕಕ್ಕೆ 130 ರೂಪಾಯಿಯ ಮಿತಿಯಿತ್ತು. ಶೇಕಡಾ 18ರ ತೆರಿಗೆ ಸೇರಿದರೆ 153 ರೂಪಾಯಿ 40 ಪೈಸೆ. 2024ರಲ್ಲಿ ಆ ಮಿತಿಯನ್ನು ತೆಗೆದುಹಾಕಲಾಗಿರುವುದರಿಂದ ಈಗಿನ ದರವನ್ನು ಆಯಾ ಕಂಪನಿಯಲ್ಲಿ ವಿಚಾರಿಸಬೇಕು. ಆರಿಸಿಕೊಳ್ಳುವ ಹಕ್ಕು ಮಾತ್ರ ಉಳಿದಿದೆ. ಯಾರೂ ನೋಡದ ಹಿಂದಿ, ಇಂಗ್ಲಿಷ್, ಕ್ರೀಡಾ ವಾಹಿನಿಗಳ ಗುಚ್ಛವನ್ನು ಬಿಟ್ಟು, ಮೂರು ನಾಲ್ಕು ಕನ್ನಡ ವಾಹಿನಿಗಳನ್ನಷ್ಟೇ ಇಟ್ಟುಕೊಂಡರೆ ತಿಂಗಳ ಹೊರೆ ಗಣನೀಯವಾಗಿ ಇಳಿಯುತ್ತದೆ.

ವಾರ್ತೆ, ಕೃಷಿ, ಸಂಗೀತ, ಹಳೆಯ ಹಿಂದಿ ಚಿತ್ರ ಇಷ್ಟರಲ್ಲಿ ತೃಪ್ತರಾಗುವ ಮನೆಗೆ, ವರ್ಷದಲ್ಲಿ ಕೆಲವೇ ದಿನ ಬಾಗಿಲು ತೆರೆಯುವ ಮನೆಗೆ, ತಿಂಗಳ ಹಣ ಹೊಂದಿಸಲಾಗದ ಮನೆಗೆ ಫ್ರೀ ಡಿಶ್ ನಿಜಕ್ಕೂ ಒಳ್ಳೆಯದು. ಸಂಜೆಯ ಕನ್ನಡ ಧಾರಾವಾಹಿಯ ಸುತ್ತ ದಿನವನ್ನು ಕಟ್ಟಿಕೊಂಡವರಿಗೆ ಅದು ಸಾಲದು. ಹಣ ಕಟ್ಟುವವರು ಒಬ್ಬರು, ನೋಡುವವರು ಇನ್ನೊಬ್ಬರಾಗಿರುವ ಮನೆಗಳಲ್ಲಿ ಮೊದಲು ಒಂದು ವಾರ ಅಲ್ಲಿ ಏನೇನು ನೋಡುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಉಚಿತ ಸೇವೆಯ ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಆಮೇಲೆ ಡಿಶ್ ತಿರುಗಿಸುವವನನ್ನು ಕರೆಸಿದರಾಯಿತು.